ಮೇಸ್ತ್ರಿ ಮತ್ತು ಮೇಷ್ಟ್ರು

ಬೆಂಗಳೂರಿನ ಮೆಟ್ರೋ ರೈಲು ಪೂರ್ವದಿಕ್ಕಿನಲ್ಲಿ ವೈಟ್‌ಫೀಲ್ಡಿನವರೆಗೆ ಓಡಲಾರಂಭಿಸಿದ್ದು ೨೦೨೩ರ ಮಾರ್ಚಿ ತಿಂಗಳಲ್ಲಿ. ಆ ದಾರಿಯಲ್ಲಿ ಪಟ್ಟಂದೂರು ಅಗ್ರಹಾರ ಎಂಬ ಹೆಸರಿನ ನಿಲ್ದಾಣವೊಂದುಂಟು. ಅಲ್ಲಿ ಇಳಿಯುವವರಲ್ಲಿ ಬಹುಮಂದಿ ಸಮೀಪದ ಗಾಜಿನ ಸೌಧಗಳಲ್ಲಿ ಉದ್ಯೋಗದಲ್ಲಿರುವವರು. ನಿಲ್ದಾಣದ ಹೆಸರಿನ ಕಡೆಗೆ ಅವರ ಲಕ್ಷ್ಯ ಹೋಗದಿದ್ದರೆ ಅದೇನೂ ಅಪರಾಧವಲ್ಲ. ಆದರೆ ಆ ಹೆಸರು ಸಾವಿರ ವರ್ಷಗಳಷ್ಟು ಹಿಂದೆಯೇ ಕಲ್ಲಿನ ಮೇಲೆ ಬಂದುದೆಂಬುದನ್ನು ವಾಚಕರು ಕೇಳಿದರೆ ಸಂತೋಷಪಟ್ಟಾರು. ನೆರೆಯ ಕಾಡುಗೋಡಿಯಲ್ಲಿ ದೊರೆತಿರುವ, ರಾಜೇಂದ್ರ ಚೋಳನ ಕಾಲದ, ಕ್ರಿ. ಶ. ೧೦೪೩ರ ಶಾಸನವೊಂದು ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿದ ವಿಚಾರವನ್ನು ಹೇಳುತ್ತದೆ. ಪೆರ್ಮಾಡಿ ಗಾವುಂಡನ ಮಗನಾದ ರಾಜರಾಜ ವೇಳಾನ್ ಎಂಬ ಅಧಿಕಾರಿಯು ಕೆರೆಯನ್ನು ಕಟ್ಟಿಸಿ, ತೂಬನ್ನಿಡಿಸಿ, ದುರ್ಗೆ, ಕ್ಷೇತ್ರಪಾಲ, ಗಣಪತಿಯರನ್ನು ಪ್ರತಿಷ್ಠೆ ಮಾಡಿಸಿದನಂತೆ.

ಕಟ್ಟಿಸಿದವನ ಹೆಸರು ಬಂತು, ಅವನ ತಂದೆಯ ಹೆಸರೂ ಬಂತು. ಕಟ್ಟಿದವರು ಯಾರು? ನಮ್ಮ ಭಾಷೆಯಲ್ಲಿ ‘ಕಟ್ಟಿದನು’ ಎಂಬುದಕ್ಕೂ ‘ಕಟ್ಟಿಸಿದನು’ ಎಂಬುದಕ್ಕೂ ಒಂದೇ ಒಂದು ‘ಇಸು’ ಪ್ರತ್ಯಯದ ಅಂತರ. ವ್ಯಾಕರಣದ ಪಾಠದಲ್ಲಿ ಪ್ರೇರಣಾರ್ಥಕವೆಂದು ಹೇಳಿ ಮುಂದಕ್ಕೆ ಹೋಗುತ್ತೇವೆ. ಚರಿತ್ರೆಯಲ್ಲಾದರೋ ಆ ಎರಡಕ್ಷರದ ಹಿಂದೆ ಒಂದು ಊರಿನಷ್ಟು ಜನ ಮರೆಯಾಗಿ ನಿಂತಿದ್ದಾರೆ.

ಕೆರೆಗೆ ತೂಬನ್ನಿಡುವುದು ಸಾಮಾನ್ಯ ಕೆಲಸವಲ್ಲ. ನಮ್ಮ ಹಳೆಯ ಕೆರೆಗಳ ತೂಬನ್ನು ಬಲ್ಲವರು ಬಲ್ಲರು. ನೀರೊಳಗೆ ಎರಡು ಎತ್ತರದ ಕಲ್ಲುಕಂಬಗಳು, ಅವುಗಳ ನಡುವೆ ಅಡ್ಡಚಪ್ಪಡಿಗಳು, ಚಪ್ಪಡಿಯಲ್ಲಿ ಒಂದು ರಂಧ್ರ, ಅದರೊಳಗಿಂದ ಇಳಿಬಿಟ್ಟ ಗಳುವಿನ ತುದಿಯಲ್ಲಿ ಕೆಳಗಣ ಕಂಡಿಯನ್ನು ಮುಚ್ಚುವ ಬಿರಡೆ. ಗಳುವನ್ನೆತ್ತಿದರೆ ನೀರು ಏರಿಯ ಅಡಿಯ ಕಲ್ಲಿನ ಕಾಲುವೆಯಲ್ಲಿ ಹರಿದು ಗದ್ದೆಗೆ ಬರಬೇಕು. ಇಳಿಸಿದರೆ ನಿಲ್ಲಬೇಕು. ಆ ಕಾಲುವೆಯ ಒಂದು ಸಂದಿನಲ್ಲಿ ಗಾರೆ ಸಡಿಲವಾಯಿತೆನ್ನಿ. ನೀರು ಮಣ್ಣನ್ನು ತಿಂದು ತಿಂದು ಒಂದು ಮಳೆಗಾಲದಲ್ಲಿ ಏರಿಯೇ ಬಾಯಿಬಿಡುತ್ತದೆ. ಕೆಳಗಿನ ಊರಿನ ಪ್ರಾಣ ಆ ಸಂದಿನಲ್ಲಿದೆ. ಇಂಥ ಕೆಲಸ ನೋಡಿದಾಕ್ಷಣ ಬರುವುದಲ್ಲ. ಯಾರೋ ಯಾರಿಗೋ ಹತ್ತಿರ ಕೂರಿಸಿಕೊಂಡು ಹೇಳಿಕೊಟ್ಟಿರಲೇಬೇಕು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ೧೩೬೯ರಲ್ಲಿ ಹಾಕಿಸಿದ ಶಾಸನ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಎಣಿಸುತ್ತದೆ. ಧರ್ಮಿಷ್ಠನಾದ ದೊರೆ ಬೇಕು, ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ ಬೇಕು, ಸಿಹಿನೀರಿನ ಹೊಳೆ ಬೇಕು, ಉದ್ದನೆಯ ನೇರವಾದ ಕಲ್ಲುಗಳಿರುವ ಕಲ್ಲುಗಣಿ ಬೇಕು; ಇವುಗಳೊಡನೆ, ಕಟ್ಟುವ ಕಲೆಯಲ್ಲಿ ನುರಿತ ಜನರ ತಂಡವೂ ಬೇಕು ಎನ್ನುತ್ತದೆ. ಆ ಕೆರೆಗೆ ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದರೆಂದೂ ಅಲ್ಲಿ ಹೇಳಿದೆ. ದೊರೆಯನ್ನೂ ವಿದ್ವಾಂಸನನ್ನೂ ಎಣಿಸಿದ ಪಂಕ್ತಿಯಲ್ಲಿಯೇ ಕಟ್ಟುವವರನ್ನೂ ಎಣಿಸಿದ ಆ ಶಾಸನಕವಿಗೆ ನಾನು ಮನಸ್ಸಿನಲ್ಲಿ ನಮಸ್ಕಾರ ಮಾಡುತ್ತೇನೆ.

ಹಾಗಾದರೆ ಈ ನುರಿತ ಜನ ತಯಾರಾದದ್ದು ಹೇಗೆ? ಶಾಸನಗಳು ಇದಕ್ಕೆ ನೇರವಾಗಿ ಉತ್ತರ ಕೊಡುವುದಿಲ್ಲ. ಶಬ್ದಗಳು ಕೊಡುತ್ತವೆ.

ಬೆಂಗಳೂರಿನ ಸುತ್ತಿನಲ್ಲಿ ಮರಗೆಲಸದವರನ್ನು ‘ಆಚಾರಿ’ ಎಂದು ಕರೆಯುವುದು ತಮಗೆಲ್ಲ ತಿಳಿದದ್ದೇ. ಅದು ‘ಆಚಾರ್ಯ’ ಶಬ್ದದ ತದ್ಭವ. ಆಚಾರ್ಯನೆಂದರೆ ಕಲಿಸುವವನು. ಹೊಯ್ಸಳರ ಗುಡಿಗಳಲ್ಲಿ ವಿಗ್ರಹಗಳ ಕೆಳಗೆ ಕೆತ್ತಿರುವ ರೂವಾರಿಗಳ ಹೆಸರುಗಳನ್ನು ನೋಡಿ: ದಾಸೋಜ, ನಾಗೋಜ, ಮಲ್ಲೋಜ. ಕೊನೆಯ ‘ಓಜ’ ಯಾವುದು? ಸಂಸ್ಕೃತದ ‘ಉಪಾಧ್ಯಾಯ’ ಪ್ರಾಕೃತದಲ್ಲಿ ಸವೆದು ಕನ್ನಡಕ್ಕೆ ಬರುವಾಗ ‘ಓಜ’ನಾಯಿತು. ಉತ್ತರದೇಶದ ‘ಓಝಾ’, ‘ಝಾ’ ಎಂಬ ಮನೆತನದ ಹೆಸರುಗಳೂ ಇದೇ ಬೇರಿನ ಚಿಗುರುಗಳು. ಅಂದರೆ ದಾಸೋಜನೆಂದರೆ ದಾಸ ಉಪಾಧ್ಯಾಯ! ಇನ್ನು ಗಾರೆಯವರ ಮುಂದಾಳಾದ ‘ಮೇಸ್ತ್ರಿ’. ಇದು ಪೋರ್ತುಗೀಜರ ‘ಮೆಸ್ತ್ರೆ’. ಚಾವಿ, ಅಲಮಾರುಗಳ ಹಾಗೆ ಪಶ್ಚಿಮದ ಕರಾವಳಿಯಲ್ಲಿ ಹಡಗಿನಿಂದಿಳಿದು ನಾಡೆಲ್ಲ ಹಬ್ಬಿದ ಮಾತು. ಅದರ ಮೂಲ ಲ್ಯಾಟಿನ್ನಿನ ‘ಮಗಿಸ್ತೆರ್’. ಅದಕ್ಕೂ ಒಡೆಯ, ಗುರು ಎಂದೇ ಅರ್ಥ. ಅದೇ ಲ್ಯಾಟಿನ್ ಶಬ್ದ ಇಂಗ್ಲಿಷಿನಲ್ಲಿ ‘ಮಾಸ್ಟರ್’ ಆಗಿ, ನಮ್ಮ ಹಳ್ಳಿಯ ಶಾಲೆಗಳಲ್ಲಿ ‘ಮೇಷ್ಟ್ರು’ ಆಯಿತು. ಆದ್ದರಿಂದ ಕರಣೆ ಹಿಡಿದ ಮೇಸ್ತ್ರಿಯೂ ಸೀಮೆಸುಣ್ಣ ಹಿಡಿದ ನಾನೂ ಶಬ್ದವಂಶದಲ್ಲಿ ದಾಯಾದಿಗಳು. ಸುಣ್ಣವಂತೂ ಇಬ್ಬರಿಗೂ ತಪ್ಪಲಿಲ್ಲ.

ಮೂರು ಬೇರೆ ಬೇರೆ ದಾರಿಯಲ್ಲಿ, ಮೂರು ಬೇರೆ ಕಾಲಗಳಲ್ಲಿ ಕನ್ನಡಕ್ಕೆ ಬಂದ ಈ ಮೂರು ಮಾತುಗಳೂ ಕಟ್ಟುವವನನ್ನು ಕಲಿಸುವವನೆಂದೇ ಕರೆಯುತ್ತವೆ. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಕಲಿಸುವುದೂ ಆ ಕಸುಬಿನ ಒಂದು ಭಾಗವಾಗಿತ್ತೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇಕೆ?

ಬೇಕೆನ್ನುವವರಿಗೆ ಬೇರೆಯವೂ ಇವೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದವಳು ಚಾಲುಕ್ಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಕಟ್ಟಿದವನು ಗುಂಡನ್ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಂದಿತೆಂದು ಅಲ್ಲಿನ ಶಾಸನ ಹೇಳುತ್ತದೆ. ಮೂರು ಲೋಕಕ್ಕೆ ಆಚಾರ್ಯ! ದಕ್ಷಿಣದ ವಾಸ್ತುಗ್ರಂಥವಾದ ‘ಮಯಮತ’ ಶಿಲ್ಪಿಗಳಲ್ಲಿ ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿ ಎಂದು ನಾಲ್ಕು ಬಗೆಯನ್ನು ಹೇಳಿ, ನೂಲು ಹಿಡಿದು ಅಳತೆ ನೋಡುವ ಸೂತ್ರಗ್ರಾಹಿಯು ಸ್ಥಪತಿಯ ಮಗನಾಗಿರಬೇಕು ಇಲ್ಲವೆ ಶಿಷ್ಯನಾಗಿರಬೇಕು ಎನ್ನುತ್ತದೆ. ೧೧೧೭ರಲ್ಲಿ ವಿಷ್ಣುವರ್ಧನನು ಬೇಲೂರಿನ ಗುಡಿಯನ್ನು ಎತ್ತಿಸಿದಾಗ ಬಳ್ಳಿಗಾವೆಯಿಂದ ದಾಸೋಜ ಬಂದ. ಅವನ ಮಗ ಚಾವಣನೂ ಬಂದ. ಮದನಿಕೆಯರ ಅಡಿಯಲ್ಲಿ ತಂದೆಯ ಹೆಸರೂ ಮಗನ ಹೆಸರೂ ಇವೆ. ಚಾವಣನು ಯಾವ ವಯಸ್ಸಿನಲ್ಲಿ ಉಳಿ ಹಿಡಿದನೋ, ಎಷ್ಟು ಕಲ್ಲು ಕೆಡಿಸಿ ಎಷ್ಟು ಬೈಸಿಕೊಂಡನೋ, ಅದನ್ನು ಯಾರೂ ಕೆತ್ತಲಿಲ್ಲ.

ಈ ಸಂಗತಿಯಲ್ಲಿ ನನಗೆ ಬಹು ಪ್ರಿಯನಾದವನು ಮಲ್ಲಿತಮ್ಮ. ೧೧೯೬ರ ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿ ಈ ಹೆಸರು ಕಾಣುತ್ತದೆ. ಮುಂದೆ ಹಾರನಹಳ್ಳಿ, ನುಗ್ಗೇಹಳ್ಳಿಗಳಲ್ಲಿ ಕಾಣುತ್ತದೆ. ಹದಿಮೂರನೆಯ ಶತಮಾನದ ನಡುಭಾಗ ದಾಟಿದ ಮೇಲೆ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಹತ್ತಾರು ವಿಗ್ರಹಗಳ ಕೆಳಗೆ ಮತ್ತೆ ಕಾಣುತ್ತದೆ. ಇವರೆಲ್ಲ ಒಬ್ಬನೇ ಎನ್ನುವ ವಿದ್ವಾಂಸರ ಮಾತನ್ನು ಒಪ್ಪುವುದಾದರೆ ಅವನ ಕಸುಬಿನ ಬಾಳು ಅರವತ್ತು ವರ್ಷಕ್ಕೂ ಮಿಕ್ಕದ್ದು. ಅಮೃತಾಪುರದಲ್ಲಿದ್ದಾಗ ಅವನು ನಮ್ಮ ಹೈಸ್ಕೂಲಿನ ಹುಡುಗರ ವಯಸ್ಸಿನವನಿರಬೇಕು. ಸೋಮನಾಥಪುರಕ್ಕೆ ಬರುವ ಹೊತ್ತಿಗೆ ಮುಪ್ಪಿನವನು. ಸುತ್ತಲೂ ಕಲಿಯುವ ಹುಡುಗರ ಹಿಂಡೇ ಇದ್ದಿರಬೇಕು. ಜಕಣಾಚಾರಿ ಡಂಕಣರ ಕಥೆಗೆ ಶಾಸನದ ಆಧಾರ ಸಿಕ್ಕಿಲ್ಲ. ಆದರೂ ಜನ ಆ ಕಥೆಯನ್ನು ಬಿಡಲಿಲ್ಲ. ಹಿರಿಯ ಶಿಲ್ಪಿಯ ಕಲ್ಲಿನಲ್ಲಿ ಹುಡುಗನೊಬ್ಬ ದೋಷ ತೋರಿಸಬಹುದು, ಹಿರಿಯನು ಅದನ್ನು ಪರೀಕ್ಷೆಗೆ ಒಡ್ಡಬೇಕು ಎಂಬ ಕಲ್ಪನೆಯೇ ಕಲಿಕೆಯ ಒಂದು ಮರ್ಯಾದೆಯನ್ನು ತೋರಿಸುತ್ತದೆ. ಕೈ ಕತ್ತರಿಸಿಕೊಂಡದ್ದು ಮಾತ್ರ ಅತಿಯಾಯಿತೆಂದು ನನ್ನ ವಿದ್ಯಾರ್ಥಿಗಳು ಪ್ರತಿವರ್ಷವೂ ಹೇಳುತ್ತಾರೆ.

ಈ ಕಲಿಕೆಗೆ ಕಾನೂನೂ ಇತ್ತು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ ೧೦೭೬ರಿಂದ ೧೧೨೬ರ ನಡುವೆ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನವನ್ನು ಬರೆದನಷ್ಟೆ. ದಾಯಭಾಗದ ವಿಚಾರದಲ್ಲಿ ಇಂಗ್ಲಿಷರ ನ್ಯಾಯಾಲಯಗಳು ಕೂಡ ತಲೆಬಾಗಿದ ಗ್ರಂಥ ಅದು. ಆ ಸ್ಮೃತಿಯಲ್ಲಿ ಶಿಲ್ಪ ಕಲಿಯುವ ‘ಅಂತೇವಾಸಿ’ಯ ಪ್ರಸ್ತಾಪವಿದೆ. ಅಂತೇವಾಸಿ ಎಂದರೆ ಹತ್ತಿರ ವಾಸಮಾಡುವವನು. ಪಾಠ ಕೇಳುವುದಕ್ಕಿಂತ ಮೊದಲು ಹತ್ತಿರ ಇರುವುದೇ ಅವನ ಲಕ್ಷಣ. ಅವನು ಇಷ್ಟು ಕಾಲವೆಂದು ಗೊತ್ತುಮಾಡಿಕೊಂಡು ಗುರುವಿನ ಮನೆಯಲ್ಲಿರಬೇಕು. ಅನ್ನ ಗುರುವಿನದು, ಹುಡುಗನ ಕೆಲಸದ ಆದಾಯವೂ ಗುರುವಿನದು. ವಿದ್ಯೆ ಬೇಗ ಬಂದರೂ ಗೊತ್ತುಮಾಡಿದ ಕಾಲ ಮುಗಿಯುವವರೆಗೆ ಹೊರಡುವಂತಿಲ್ಲ. ನಾರದಸ್ಮೃತಿ ಇದನ್ನೇ ಇನ್ನಷ್ಟು ವಿಸ್ತರಿಸುತ್ತದೆ: ಬಂಧುಗಳ ಒಪ್ಪಿಗೆ ಇರಬೇಕು, ಗುರು ಅವನನ್ನು ಮಗನಂತೆ ಕಾಣಬೇಕು, ಮುಖ್ಯವಾಗಿ, ಕಲಿಯಲು ಬಂದ ಕಸುಬಿಗೆ ಹೊರತಾದ ಬೇರೆ ಕೆಲಸವನ್ನು ಅವನಿಂದ ಮಾಡಿಸಕೂಡದು. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

ಆ ಕಾಲವೆಲ್ಲ ಚಿನ್ನವಾಗಿತ್ತೆಂದು ಹೇಳುವ ಪಂಡಿತರ ಗುಂಪಿಗೆ ನಾನು ಸೇರಿದವನಲ್ಲ. ನಿರ್ದೋಷಿಯಾದ ಗುರುವನ್ನು ಬಿಟ್ಟು ಓಡಿದ ಹುಡುಗನನ್ನು ಬಲಾತ್ಕಾರವಾಗಿ ಹಿಡಿದಿಡಬಹುದೆಂದೂ ಅದೇ ನಾರದಸ್ಮೃತಿ ಹೇಳುತ್ತದೆ. ಓಜನ ಮನೆಯ ಬಾಗಿಲು ಓಜನ ಕುಲದ ಹುಡುಗರಿಗೆ ತೆರೆದಿತ್ತೇ ಹೊರತು ಎಲ್ಲರಿಗೂ ತೆರೆದಿರಲಿಲ್ಲ. ಕೆರೆಯ ಮಣ್ಣು ಹೊತ್ತವನ ಮಗ ಮಣ್ಣನ್ನೇ ಹೊತ್ತ.

ಏನನ್ನು ಕಲಿಯಬೇಕಾಗಿತ್ತೆಂಬುದನ್ನು ಈಗಿನವರು ಊಹಿಸುವುದೂ ಕಷ್ಟ. ಗಾರೆಯೊಂದನ್ನೇ ತೆಗೆದುಕೊಳ್ಳಿ. ಸುಟ್ಟ ಸುಣ್ಣದ ಕಲ್ಲನ್ನು ಗುಂಡಿಯಲ್ಲಿ ನೀರು ಹಾಕಿ ಅರಳಿಸಿ, ದಿನಗಟ್ಟಲೆ ನೆನೆಯಬಿಟ್ಟು, ಮರಳನ್ನೋ ಇಟ್ಟಿಗೆಯ ಪುಡಿಯನ್ನೋ ಬೆರೆಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆಯಬೇಕು. ವೃತ್ತಾಕಾರದ ಕಲ್ಲಿನ ದೋಣಿ, ಅದರಲ್ಲಿ ಉರುಳುವ ಗುಂಡು. ಹುಡುಗ ಹಿಂದೆ ಹಿಂದೆ ಸುತ್ತುತ್ತ ಅಂಚಿಗೆ ಬಂದ ಗಾರೆಯನ್ನು ಒಳಕ್ಕೆ ತಳ್ಳಬೇಕು. ಒಳ್ಳೆಯ ಕೆಲಸಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ನೀರು. ಅರೆದದ್ದು ಸಾಕೇ ಇಲ್ಲವೇ ಎಂಬುದನ್ನು ಹೇಳುವುದು ಗಡಿಯಾರವಲ್ಲ. ಮೇಸ್ತ್ರಿಯ ಹೆಬ್ಬೆರಳು ಮತ್ತು ತೋರುಬೆರಳು. ಆ ಬೆರಳಿಗೆ ತಿಳಿದದ್ದು ಹುಡುಗನ ಬೆರಳಿಗೆ ತಿಳಿಯಬೇಕಾದರೆ ಎಷ್ಟೋ ಸಲ ಇಬ್ಬರೂ ಅದೇ ಗಾರೆಯನ್ನು ಮುಟ್ಟಿರಬೇಕು. ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯನ್ನು ಸಿಮೆಂಟಿಲ್ಲದೆ ಸುಣ್ಣ ಸುರ್ಕಿಗಳಿಂದಲೇ ಎಬ್ಬಿಸಿದ್ದು ಇಂಥ ಬೆರಳುಗಳ ನಂಬಿಕೆಯ ಮೇಲೆ. ಸಿಮೆಂಟು ಬಂದ ಮೇಲೆ ಆ ಜ್ಞಾನದ ಬಹುಭಾಗ ಬೆರಳಿನಿಂದ ಹೊರಟು ಚೀಲದೊಳಕ್ಕೆ ಸೇರಿತು. ಮನೆ ಬೇಗ ಎದ್ದಿತು, ಅದು ಒಳ್ಳೆಯದೇ. ಆದರೆ ಚೀಲಕ್ಕೆ ಶಿಷ್ಯರಿಲ್ಲ.

ಕಲ್ಲಿನ ಕೆಲಸ ಇನ್ನೂ ಸ್ವಲ್ಪ ಕಾಲ ತಡೆಯಿತು. ೧೯೫೧ರಿಂದ ೧೯೫೬ರವರೆಗೆ ಕೆಂಗಲ್ ಹನುಮಂತಯ್ಯನವರು ವಿಧಾನಸೌಧವನ್ನು ಕಟ್ಟಿಸಿದಾಗ (ನೋಡಿ, ಮತ್ತೆ ‘ಇಸು’!) ಕೈದಿಗಳೂ ಸೇರಿ ಸುಮಾರು ೫,೦೦೦ ಕೂಲಿಯಾಳುಗಳೂ, ಕಲ್ಲುಕುಟಿಗರು, ಗಾರೆಯವರು, ಮರದ ಕೆತ್ತನೆಯವರೆಂದು ೧,೫೦೦ರಷ್ಟು ಕುಶಲಿಗಳೂ ದುಡಿದರು. ಅಂಥ ಕೆಲಸದ ಬಯಲೇ ಒಂದು ಪಾಠಶಾಲೆ. ಬುಟ್ಟಿ ಹೊರಲು ಬಂದವರಲ್ಲಿ ಉಳಿ ಹಿಡಿದು ಹೋದವರು ಇದ್ದೇ ಇರುತ್ತಾರೆ.

ಬಾಗಿಲನ್ನು ಎಲ್ಲರಿಗೂ ತೆರೆಯುವ ಪ್ರಯತ್ನವೂ ನಡೆದಿತ್ತು. ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ ೧೯೦೬ರಲ್ಲಿ ಅಸ್ತಿಭಾರ ಬಿತ್ತು. ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ೧೯೩೮ರಲ್ಲಿ ಆರಂಭವಾಯಿತು. ಸ್ವಾತಂತ್ರ್ಯಾನಂತರ, ೧೯೫೦ರಲ್ಲಿ, ಕುಶಲಕರ್ಮಿಗಳ ತರಬೇತಿಯ ಯೋಜನೆ ಬಂದು ಊರೂರಿಗೆ ಐ. ಟಿ. ಐ. ಗಳಾದವು. ಅಲ್ಲಿ ಗಾರೆಕೆಲಸವೂ ಒಂದು ವಿಷಯವೇ. ಆದರೆ ಹತ್ತನೆಯ ತರಗತಿ ಮುಗಿಸಿ ವರ್ಗಾವಣೆ ಪತ್ರಕ್ಕೆ ಬರುವ ಹುಡುಗರನ್ನು ಮುಂದೇನೆಂದು ಕೇಳಿದರೆ ಫಿಟ್ಟರ್ ಎನ್ನುತ್ತಾರೆ, ಎಲೆಕ್ಟ್ರಿಷಿಯನ್ ಎನ್ನುತ್ತಾರೆ. ಗಾರೆಯವನಾಗುತ್ತೇನೆಂದು ತಲೆಯೆತ್ತಿ ಹೇಳಿದವನನ್ನು ನಾನು ಕಂಡಿಲ್ಲ. ಆಗುವವರು ಆಗುತ್ತಾರೆ, ಹೇಳುವುದಿಲ್ಲ.

ಇನ್ನು ೧೯೬೧ರ ಅಪ್ರೆಂಟಿಸ್ ಕಾಯಿದೆ. ಇದನ್ನು ಓದುವಾಗ ನನಗೆ ಮಿತಾಕ್ಷರದ ಪುಟವೇ ಕಣ್ಣಮುಂದೆ ಬರುತ್ತದೆ. ಇಲ್ಲಿಯೂ ಕಾಲದ ಗೊತ್ತುಪಾಡು ಇದೆ. ಅಪ್ರಾಪ್ತವಯಸ್ಕನಾದರೆ ಪೋಷಕರು ಒಪ್ಪಂದ ಮಾಡಬೇಕು, ಬಂಧುಗಳ ಒಪ್ಪಿಗೆ ಎಂದ ಹಾಗೆ. ಹದಿನಾಲ್ಕು ವರ್ಷ ತುಂಬಿರಬೇಕು. ಅಪಾಯದ ಕೆಲಸಗಳಿಗೆ ೨೦೧೪ರ ತಿದ್ದುಪಡಿ ಹದಿನೆಂಟೆಂದು ವಿಧಿಸಿತು. ಹುಡುಗನು ಕೆಲಸಗಾರನಲ್ಲ, ಕಲಿಯುವವನು ಎಂದು ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಅನ್ನದ ಬದಲು ಮಾಸಿಕ ವೇತನ. ಹಳೆಯದಕ್ಕಿಂತ ಇದು ಎಷ್ಟೋ ನ್ಯಾಯವಾದದ್ದು, ಕುಲವನ್ನು ಕೇಳುವುದಿಲ್ಲ. ಮೂವತ್ತು ಮಂದಿಗೆ ಕಡಮೆಯಿಲ್ಲದ ಸಂಸ್ಥೆಗಳು ತಮ್ಮ ಜನರಲ್ಲಿ ನೂರಕ್ಕೆ ಎರಡೂವರೆಯಿಂದ ಹದಿನೈದರವರೆಗೆ ಇಂಥ ಕಲಿಯುವವರನ್ನು ಇಟ್ಟುಕೊಳ್ಳಬೇಕೆಂದು ೨೦೧೯ರ ನಿಯಮಗಳು ಗೊತ್ತುಮಾಡಿದವು. ಕಾರ್ಖಾನೆಗಳಲ್ಲಿ ಇದು ನಡೆಯಿತು. ಪೀಣ್ಯದಂಥ ಕಡೆ ಲೇತು ಯಂತ್ರದ ಮುಂದೆ ಹುಡುಗರು ಕಲಿತರು. ಕಟ್ಟಡದ ಕೆಲಸದ ವಿಚಾರವೇ ಬೇರೆ. ಅಲ್ಲಿ ದೊಡ್ಡ ಕಂಟ್ರಾಕ್ಟರು, ಅವನ ಕೆಳಗೆ ಚಿಕ್ಕ ಕಂಟ್ರಾಕ್ಟರು, ಅವನ ಕೆಳಗೆ ಮೇಸ್ತ್ರಿ, ಮೇಸ್ತ್ರಿಯ ಕೆಳಗೆ ಹತ್ತು ಹನ್ನೆರಡು ಆಳು. ಒಪ್ಪಂದವಾಗಬೇಕಾದ್ದು ಸಂಸ್ಥೆಗೂ ಹುಡುಗನಿಗೂ; ಕಲಿಸಬಲ್ಲವನು ಅದರಲ್ಲಿ ಎಲ್ಲಿಯೂ ಇಲ್ಲ.

ಮತ್ತೆ ಪಟ್ಟಂದೂರು ಅಗ್ರಹಾರಕ್ಕೆ ಬರೋಣ. ೧೯೯೦ರ ದಶಕದಲ್ಲಿ ಸಿಂಗಪುರದವರು, ಟಾಟಾ ಸಂಸ್ಥೆಯವರು ಮತ್ತು ರಾಜ್ಯ ಸರಕಾರ ಕೂಡಿ ಇಲ್ಲಿ ತಂತ್ರಜ್ಞಾನದ ಉದ್ಯಾನವನ್ನು ಕಟ್ಟಿಸಿದರು. ಅಲ್ಲಿಂದ ಮುಂದೆ ಈ ಸುತ್ತಿನಲ್ಲಿ ಕಟ್ಟಡ ಏಳದ ವರ್ಷವಿಲ್ಲ. ಕಾಂಕ್ರೀಟು ಲಾರಿಯಲ್ಲಿ ಕಲಸಿಕೊಂಡೇ ಬರುತ್ತದೆ, ಅಚ್ಚು ಅಲ್ಯೂಮಿನಿಯಮ್ಮಿನದು. ರಾಯಚೂರು, ಯಾದಗಿರಿಗಳಿಂದ, ಬಿಹಾರ, ಒಡಿಶಾ, ಬಂಗಾಳಗಳಿಂದ ಬಂದ ಹುಡುಗರು ತಗಡಿನ ಶೆಡ್ಡುಗಳಲ್ಲಿದ್ದುಕೊಂಡು ದುಡಿಯುತ್ತಾರೆ. ಒಬ್ಬನು ಕಂಬಿ ಕಟ್ಟುತ್ತಾನೆ, ವರ್ಷವೆಲ್ಲ ಕಂಬಿಯನ್ನೇ ಕಟ್ಟುತ್ತಾನೆ. ಇನ್ನೊಬ್ಬನು ಬಾಂಡಲಿ ಹೊರುತ್ತಾನೆ. ತೂಕದ ಗುಂಡನ್ನು ಇಳಿಬಿಟ್ಟು ಗೋಡೆಯ ನೇರವನ್ನು ನೋಡುವುದಾಗಲಿ, ರಸಮಟ್ಟವನ್ನಿಟ್ಟು ನೆಲದ ಸಮವನ್ನು ಓದುವುದಾಗಲಿ ಅವನ ಪಾಲಿಗೆ ಬಂದರೆ ಅದು ಅದೃಷ್ಟ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮೇಸ್ತ್ರಿ ಮಲಗಿದಾಗ ಅವನ ಕರಣೆಯನ್ನೆತ್ತಿಕೊಂಡು ಎರಡು ಇಟ್ಟಿಗೆ ಇಟ್ಟು ನೋಡುವುದೇ ಬಹುಮಂದಿಗೆ ವಿದ್ಯಾಭ್ಯಾಸ. ಎದ್ದವನು ಬೈದು ಕೆಡವಿಸಿದರೆ ಒಂದು ದಿನ ದಂಡ. ಬೈಯುತ್ತಲೇ ‘ಹಾಗಲ್ಲ ಕಣೋ, ಹೀಗೆ’ ಎಂದನೋ, ಅವನೇ ಓಜ. ಬಯ್ಯುವಾಗಲೂ ಕಲಿಸುವ ಇಂಥ ಮೇಸ್ತ್ರಿಗಳು ಇಂದಿಗೂ ಇದ್ದಾರೆ. ಅದಕ್ಕಾಗಿ ಅವರಿಗೆ ಕೂಲಿಯ ಮೇಲೆ ಒಂದು ಕಾಸೂ ಹೆಚ್ಚು ಸಿಗುವುದಿಲ್ಲ. ಕಲಿಸುವ ಹೊತ್ತಿನಲ್ಲಿ ಚದರಡಿಯ ಲೆಕ್ಕ ಹಿಂದೆ ಬೀಳುತ್ತದೆ, ಅಷ್ಟೆ.

೨೦೨೩ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ವಿಶ್ವಕರ್ಮ ಯೋಜನೆಯನ್ನು ತಂದು, ಗಾರೆಯವರನ್ನೂ ಕಲ್ಲುಕುಟಿಗರನ್ನೂ ಬಡಗಿಗಳನ್ನೂ ಒಳಗೊಂಡು ಹದಿನೆಂಟು ಕಸುಬುಗಳವರಿಗೆ ಗುರುತಿನ ಪತ್ರ, ಉಪಕರಣಗಳಿಗೆ ೧೫,೦೦೦ ರೂಪಾಯಿ, ಮತ್ತು ದಿನಕ್ಕೆ ೫೦೦ ರೂಪಾಯಿ ಭತ್ಯದೊಡನೆ ಐದರಿಂದ ಏಳು ದಿನಗಳ ಮೂಲ ತರಬೇತಿ ಎಂದು ಗೊತ್ತುಮಾಡಿತು. ಉಪಕರಣಕ್ಕೆ ಹಣ ಕೊಟ್ಟದ್ದು ಒಳ್ಳೆಯ ಕೆಲಸ. ಆದರೆ ಏಳು ದಿನ! ನಾನು ಸಂಧಿಗಳನ್ನು ಕಲಿಸುವುದಕ್ಕೇ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತೇನೆ.

ಮತ್ತೊಂದು ಮಾತನ್ನು ಹೇಳದೆ ಇದನ್ನು ಮುಗಿಸಲಾರೆ. ತಾವು ಮನೆ ಕಟ್ಟಿಸಿದವರಾದರೆ ನೋಡಿಯೇ ಇರುತ್ತೀರಿ. ಸಾರುವೆಯ ಕೆಳಗೆ ಗಾರೆ ಕಲಸುವವರು, ಇಟ್ಟಿಗೆಯನ್ನು ನೆನೆಹಾಕುವವರು, ಬಾಂಡಲಿಯನ್ನು ತಲೆಯ ಮೇಲಿಟ್ಟು ಮೆಟ್ಟಲು ಹತ್ತುವವರು ಬಹುಮಟ್ಟಿಗೆ ಹೆಂಗಸರು. ಹುಡುಗನಾದರೆ ಎರಡು ಮೂರು ವರ್ಷಗಳಲ್ಲಿ ಹೇಗೋ ಕರಣೆ ಅವನ ಕೈಗೆ ಬರುತ್ತದೆ. ಇಪ್ಪತ್ತು ವರ್ಷ ಗಾರೆ ಕಲಸಿದ ಹೆಂಗಸು, ಅದರ ಹದವನ್ನು ಮೇಸ್ತ್ರಿಗಿಂತ ಚೆನ್ನಾಗಿ ಬಲ್ಲವಳು, ಇಪ್ಪತ್ತೊಂದನೆಯ ವರ್ಷವೂ ಕಲಸುತ್ತಲೇ ಇರುತ್ತಾಳೆ. ಕಲಿಯಲು ಬಂದವರಿಂದ ಬೇರೆ ಕೆಲಸ ಮಾಡಿಸಕೂಡದೆಂದ ಸ್ಮೃತಿಕಾರರಿಗೆ ಇವಳ ಯೋಚನೆಯೇ ಬರಲಿಲ್ಲ. ‘ಅಂತೇವಾಸಿ’ಗೆ ಸ್ತ್ರೀಲಿಂಗ ‘ಅಂತೇವಾಸಿನಿ’. ವ್ಯಾಕರಣದಲ್ಲಿ ಅದಕ್ಕೆ ಯಾವ ಅಡ್ಡಿಯೂ ಇಲ್ಲ.